ಈ ಕರೆಗೆ ಅನುಮತಿ ಇಲ್ಲ

ರಾಜಾಜಿನಗರದ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ಮಾಡುವ ಕಂಪನಿಯೊಂದರ ಆಫೀಸಿನಲ್ಲಿ ನನಗೆ ಕೆಲಸ. ಅಲ್ಲಿನ ಇಂಟರ್‌ನೆಟ್ ಫೋನುಗಳಲ್ಲಿ ಯಾರು ಯಾರಿಗೆ ಕರೆ ಮಾಡಬಹುದು ಎಂದು ಕಂಪ್ಯೂಟರಿನಲ್ಲಿ ಗೊತ್ತುಮಾಡುವವಳು ನಾನೇ. ಮ್ಯಾನೇಜರ ಫೋನಿನಿಂದ ಕರೆ ವಿದೇಶಕ್ಕೂ ಹೋಗುತ್ತದೆ, ಸೇಲ್ಸ್‌ನವರದ್ದು ದೇಶದೊಳಗೆ ಎಲ್ಲಿಗಾದರೂ. ಪ್ಯಾಂಟ್ರಿಯ ಫೋನು, ಲಿಫ್ಟಿನೊಳಗಿನ ಫೋನು ಮಾತ್ರ ಆಫೀಸಿನ ಗೋಡೆ ದಾಟುವಂತಿಲ್ಲ. "ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಕಣ್ರೀ" ಎಂದು ಸೇಲ್ಸ್‌ನವರು ನನ್ನನ್ನು ರೇಗಿಸುತ್ತಾರೆ. ರೇಗಿಸಲಿ. ಎಲ್ಲರಿಗೂ ಎಲ್ಲ ಬಾಗಿಲೂ ತೆರೆದಿಟ್ಟರೆ ಅದು ಆಫೀಸಲ್ಲ, ಮೆಜೆಸ್ಟಿಕ್.

ಆ ವರ್ಷದ ಆಯುಧ ಪೂಜೆ ಮಧ್ಯಾಹ್ನಕ್ಕೆ ಮುಗಿಯಿತು. ಪ್ರತಿ ಫೋನಿಗೂ ಕುಂಕುಮ ಇಟ್ಟು, ಸೇವಂತಿಗೆ ಏರಿಸಿ, ಬಾಗಿಲಲ್ಲಿ ಬೂದುಗುಂಬಳ ಒಡೆದು, ಕಡ್ಲೆಪುರಿ ಪೊಟ್ಟಣ ಹಿಡಿದು ಎಲ್ಲರೂ ಮನೆಗೆ ಹೊರಟರು. ರಜೆಯಲ್ಲಿ ರಿಸೆಪ್ಷನ್‌ಗೆ ಬರುವ ಕರೆಗಳು ನನ್ನ ಮೊಬೈಲಿಗೆ ತಿರುಗುವಂತೆ ಮಾಡಿ, ಕೊನೆಯಲ್ಲಿ ನಾನು ಲಿಫ್ಟ್ ಹತ್ತಿದೆ. ಎರಡು ಮಹಡಿಗಳ ನಡುವೆ ಅದು ನಿಂತುಬಿಟ್ಟಿತು. ಪೂಜೆಯಾದ ಮೇಲೆ ಯಂತ್ರ ಓಡಿಸಬಾರದೆಂಬ ನೇಮ ನಮ್ಮಲ್ಲಿದೆ. ಎಲ್ಲರೂ ಹೋದರೆಂದುಕೊಂಡು ವಾಚ್‌ಮನ್ ಮೇನ್ ಸ್ವಿಚ್ ಇಳಿಸಿ ಊಟಕ್ಕೆ ಹೋಗಿದ್ದರಂತೆ. ಅದು ನನಗೆ ತಿಳಿದದ್ದು ಆಮೇಲೆ.

ಒಳಗೆ ಮೊಬೈಲಿಗೆ ಸಿಗ್ನಲ್ ಇಲ್ಲ. ಆಫೀಸಿನ ಫೋನುಗಳೆಲ್ಲ ಯುಪಿಎಸ್ ಬಲದಲ್ಲಿ ಓಡುವುದರಿಂದ ಲಿಫ್ಟಿನ ಫೋನು ಬದುಕಿತ್ತು. ರಿಸೆಪ್ಷನ್‌ಗೆ ಒತ್ತಿದೆ. ಆ ಕರೆ ನನ್ನ ಮೊಬೈಲಿಗೆ ತಿರುಗಬೇಕು, ಮೊಬೈಲ್ ಎಂದರೆ ಹೊರಗಿನ ನಂಬರು, ಲಿಫ್ಟಿನ ಫೋನಿಗೋ ಹೊರಗೆ ಹೋಗುವ ಅನುಮತಿಯಿಲ್ಲ. "ಕ್ಷಮಿಸಿ, ಈ ಕರೆಗೆ ಅನುಮತಿ ಇಲ್ಲ" ಎಂದಿತು ನನ್ನದೇ ದನಿ. ಕನ್ನಡದಲ್ಲೇ ಇರಲಿ ಎಂದು ಹಟ ಹಿಡಿದು ನಾನೇ ರೆಕಾರ್ಡ್ ಮಾಡಿದ್ದು. ಎಷ್ಟು ನಯ! ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ಮತ್ತೆ ಒತ್ತಿದೆ, ಮತ್ತೆ ಅದೇ ಕ್ಷಮೆ. ಮುಂದೆ ಸಾಲು ರಜೆ, ಯಾರೂ ಬರುವುದಿಲ್ಲ ಎಂದು ಆಗ ಹೊಳೆಯಿತು.

ಬಾಗಿಲು ಗುದ್ದಿದೆ, ಕೂಗಿದೆ. ಆಮೇಲೆ ಒಳಗಿನ ನಂಬರುಗಳನ್ನು ಒಂದೊಂದಾಗಿ ಒತ್ತತೊಡಗಿದೆ. ಅಕೌಂಟ್ಸ್, ಸ್ಟೋರ್ಸ್, ಮ್ಯಾನೇಜರ ರೂಮು. ಹೂ ಮುಡಿದ ಫೋನುಗಳು ಖಾಲಿ ಆಫೀಸಿನಲ್ಲಿ ಒಂದಾದ ಮೇಲೊಂದು ಬಡಿದುಕೊಳ್ಳುವುದು ಲಿಫ್ಟಿನ ಸಂದಿಯಿಂದ ಕೇಳುತ್ತಿತ್ತು. ಯಾರೂ ಎತ್ತಲಿಲ್ಲ. ಕೊನೆಗೆ ಪ್ಯಾಂಟ್ರಿಗೆ ಒತ್ತಿದರೆ ಎಂಗೇಜ್.

ಯಾರೂ ಇಲ್ಲದ ಕಡೆ ಫೋನು ಹಿಡಿದವರು ಯಾರು? ಆಫೀಸಿನ ಆಚೆಗೆ ಹೋಗದ ಆ ಫೋನಿನಲ್ಲಿ ಯಾರೊಂದಿಗೆ ಮಾತು? ಯಾರಾದರೂ ಬಿಡಿಸಿ ಎಂದು ಕೂಗುತ್ತಲೇ ಇನ್ನೊಮ್ಮೆ ಒತ್ತಿದೆ. ಈ ಸಲ ರಿಂಗಾಯಿತು. ಆಗ ಮೇಲೆ ಯಾರೋ ದಡದಡ ಓಡಿದ ಸದ್ದು, ಮೆಟ್ಟಿಲು ಇಳಿದ ಸದ್ದು. ಆಮೇಲೆ ಏನೂ ಇಲ್ಲ. ನನಗೆ ವಿಪರೀತ ಹೆದರಿಕೆಯಾಯಿತು. ಗೋವಿಂದರಾಜನಗರದ ಮನೆಯಲ್ಲಿ ಸ್ಕೂಟರ್ ಪೂಜೆಗೆ ನಾನೇ ಬರಬೇಕೆಂದು ಕಾಯುತ್ತಿದ್ದ ಮಗಳನ್ನು ನೆನೆದು, ಫೋನಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು ಅತ್ತೆ.

ಎಷ್ಟು ಹೊತ್ತಾಯಿತೋ, ದೀಪ ಹತ್ತಿತು. ಲಿಫ್ಟ್ ಕೆಳಗಿಳಿದು ಬಾಗಿಲು ತೆರೆದಾಗ ಎದುರಿಗೆ ವಾಚ್‌ಮನ್, ಅವರ ಹಿಂದೆ ನಮ್ಮ ಕಸ ಗುಡಿಸುವ ಹೆಂಗಸು. ಗದಗದ ಕಡೆಯಿಂದ ಹೊಸದಾಗಿ ಬಂದವಳು, ಕುಂಬಳಕಾಯಿ ಚೂರು ಬಳಿಯಲು ಉಳಿದುಕೊಂಡಿದ್ದಳಂತೆ. ಅವಳು ನನ್ನ ಮುಖ ನೋಡಲಿಲ್ಲ. ಹಿಮ್ಮುಖವಾಗಿವೆಯೋ ಏನೋ ಎಂದು ನನ್ನ ಪಾದಗಳನ್ನೇ ನೋಡುತ್ತಿದ್ದಳು.

"ಲಿಫ್ಟ್ ಬಡಿಯೂದು ಕೇಳಿತ್ರಿ" ಎಂದಳು, ವಾಚ್‌ಮನ್ ಕಡೆ ಕೈ ತೋರಿಸಿ. "ಇವರನ್ನ ಕರಿಯೋಣಂತ ಪ್ಯಾಂಟ್ರಿಯಿಂದ ಇವರ ಮೊಬೈಲಿಗೆ ಫೋನ್ ಹಚ್ಚಿದ್ನಿ. ಅದರಾಗ ನೀವ ಬಂದು ಅನುಮತಿ ಇಲ್ಲ ಅಂದ್ರಿ. ಸಮಾಧಾನದಿಂದ ಅಂದ್ರಿ. ಈ ಕಡೆ ಲಿಫ್ಟಿನ್ಯಾಗೂ ನೀವ ಒದರಾಕತ್ತಿದ್ರಿ. ಅದಕ್ಕ ಓಡಿ ಹೋಗಿ ಬಿಸಲಾಗ ನಿಂತ್ನಿ. ಇವರು ಉಂಡು ಬರೂತನಕ ಒಳಗ ಕಾಲಿಡಲಿಲ್ರಿ."

ನಾನು ಲಿಫ್ಟಿನಿಂದ ಹೊರಗೆ ಬಂದೆ.

"ಬಿಡಸ್ರಿ ಅಂತ ಒದರಿದಾಕಿ ನೀವ ಏನ್ರಿ ಅಕ್ಕಾರ?"

"ಹೂಂ ಕಣಮ್ಮ, ನಾನೇ."

"ಹಂಗಾರ ಬ್ಯಾಡ ಅಂದಾಕಿ?"

"ಅದೂ ನಾನೇ" ಎಂದೆ.

ಅವಳು ಕೈಯಲ್ಲಿದ್ದ ಪೊರಕೆಯನ್ನು ಅಡ್ಡ ಹಿಡಿದು, ಮೆಲ್ಲಗೆ ಹಿಂದೆ ಸರಿದಳು.