ಅನ್ನದಿಂದ ಗಂಜಿಗೆ, ಗಂಜಿಯಿಂದ ತಿಳಿಗೆ

ಮೊನ್ನೆ ಕೊಡಿಯಾಲ್‌ಬೈಲಿನ ನಮ್ಮ ಲ್ಯಾಬಿನ ಹಿಂದಿನ ಮನೆಯಿಂದ ಕುಚ್ಚಲಕ್ಕಿ ಬೇಯುವ ವಾಸನೆ ಬಂತು. ಕೈಯಲ್ಲಿದ್ದ ಕೆಲಸ ಹಾಗೆಯೇ ನಿಂತಿತು. ಉರ್ವದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಅಕ್ಕ ನೆನಪಾದರು...

ಅಕ್ಕ ಎಂದರೆ ಊಟ. ಮೀನು ಸಾರು ಮಾಡಿದ ದಿನ ಅವರ ಬಟ್ಟಲಿನಲ್ಲಿ ಅನ್ನದ ಗುಡ್ಡೆಯೇ ಇರುತ್ತಿತ್ತು. ನಾನು ಎರಡು ಸೌಟು ಸಾಕೆಂದರೆ, "ಇದೆಂತ ಮಾರಾಯ್ತಿ, ಗುಬ್ಬಿಗೆ ಹಾಕಿದ ಹಾಗೆ!" ಎಂದು ಗದರುತ್ತಿದ್ದರು. ಅಂಥವರು ಒಂದು ಮಳೆಗಾಲದಲ್ಲಿ ಅನ್ನ ಬಿಟ್ಟು ಗಂಜಿ ಹಿಡಿದರು. ಕೇಳಿದರೆ, "ಗ್ಯಾಸ್. ಅನ್ನ ಎದೆಯಲ್ಲಿ ನಿಂತ ಹಾಗೆ ಆಗ್ತದೆ. ಗಂಜಿಯಾದ್ರೆ ಸುಖ ಉಂಟು," ಎಂದರು. ಊಟ ಬಲ್ಲವನಿಗೆ ರೋಗವಿಲ್ಲ ಎಂದು ನಾವೆಲ್ಲ ತಲೆಯಾಡಿಸಿದೆವು.

ಬೇರೆ ಊರಾಗಿದ್ದರೆ ಯಾರಾದರೂ ಹುಬ್ಬೇರಿಸುತ್ತಿದ್ದರೇನೋ. ನಮ್ಮ ಕರಾವಳಿಯಲ್ಲಿ ಜ್ವರಕ್ಕೂ ಗಂಜಿ, ಬಿಸಿಲಿಗೂ ಗಂಜಿ, ಅಡುಗೆ ಮಾಡಲು ಉದಾಸೀನವಾದರೂ ಗಂಜಿ. ಗಂಜಿ ಉಣ್ಣುತ್ತಾರೆಂದು ಯಾರನ್ನೂ ಡಾಕ್ಟರ ಹತ್ತಿರ ಕರೆದೊಯ್ಯುವ ಕ್ರಮವಿಲ್ಲ. ಅಕ್ಕ ಸಪೂರವಾದಾಗ ಮಾರ್ಕೆಟಿನಲ್ಲಿ ಹೆಂಗಸರು ಅದರ ಗುಟ್ಟೇನೆಂದು ಕೇಳಿದರು. ಅಕ್ಕ ಸೀರೆಯ ನೆರಿಗೆ ಸರಿಮಾಡಿಕೊಂಡು ನಕ್ಕರು.

ಆಮೇಲೆ ಗಂಜಿಯ ಅಗುಳೂ ಇಳಿಯದೆ ಬರೀ ತಿಳಿ ಕುಡಿಯತೊಡಗಿದರು. ಕೊನೆಗೆ ಗಂಟಲೊಳಗೆ ಕೊಳವೆ ಇಳಿಸಿ ನೋಡಿದಾಗ ಅನ್ನನಾಳದ ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಷನ್ ಮಾಡುವ ಹಂತ ದಾಟಿತ್ತು. ನನಗೆ ವಿಪರೀತ ಸಿಟ್ಟು ಬಂತು, ಯಾರ ಮೇಲೆಂದು ಈಗಲೂ ಗೊತ್ತಿಲ್ಲ.

ಆಗಷ್ಟೇ ನಾನು ಈ ಲ್ಯಾಬಿಗೆ ಸೇರಿದ್ದೆ. ಕಾಯಿಲೆ ಬಲಿಯುವ ಮೊದಲೇ ರಕ್ತದ ಪ್ರೊಟೀನುಗಳ ಏರಿಳಿತದಲ್ಲಿ ಅದರ ಸುಳಿವು ಸಿಗುತ್ತದೆಯೇ ಎಂದು ಹುಡುಕುವುದು ನಮ್ಮ ಕೆಲಸ. ಅದು ತಿಳಿದ ಅಕ್ಕ ತಾವಾಗಿಯೇ ರಕ್ತ ಕೊಡಲು ಬಂದರು.

"ಅಕ್ಕ, ಇದರಿಂದ ನಿಮಗೆ ಉಪಯೋಗ ಆಗ್ಲಿಕ್ಕಿಲ್ಲ," ಎಂದೆ.

"ಅಷ್ಟು ನನಗೂ ಗೊತ್ತಾಗ್ತದೆ. ಇನ್ನೊಬ್ಬಳು ಅನ್ನ ಬಿಡುವ ಮೊದಲು ನಿಮಗೆ ಗೊತ್ತಾಗ್ಲಿ. ತೆಗಿ," ಎಂದು ತೋಳು ಚಾಚಿದರು.

ಮುಂದಿನ ಮಳೆಗಾಲವನ್ನು ಅವರು ನೋಡಲಿಲ್ಲ...

ಅವರ ರಕ್ತದಿಂದ ಬೇರ್ಪಡಿಸಿದ ಸೀರಮ್ಮನ್ನು ಪುಟ್ಟ ಟ್ಯೂಬುಗಳಲ್ಲಿ ಹಂಚಿ ಫ್ರೀಜರಿನಲ್ಲಿ ಇಟ್ಟಿದ್ದೆವು. ಮೇಲೆ ಹೆಸರಿಲ್ಲ, ಬರೀ ನಂಬರು; ಆದರೆ ಚೀಟಿ ಅಂಟಿಸಿದವಳು ನಾನೇ. ವರ್ಷಗಳಿಂದ ಒಂದೊಂದೇ ಖರ್ಚಾಗಿ, ಕಳೆದ ವಾರ ಕೊನೆಯದನ್ನೂ ತೆಗೆದೆವು. ಕಾಯಿಲೆಯ ಸುಳಿವಾಗಬಹುದೆಂದು ನಾವು ಹೊಸದಾಗಿ ಆರಿಸಿದ ಪ್ರೊಟೀನುಗಳೆಲ್ಲ ಅದರಲ್ಲಿ ಏರಿದ್ದವು. ಜೊತೆಯವರಿಗೆ ಖುಷಿಯಾಯಿತು. ನನಗೆ ಅಳು ಬಂತು. ಕಾಯಿಲೆ ಬಲಿತ ಮೇಲೆ ಕಂಡರೆ ಏನು ದೊಡ್ಡ ವಿಷಯ? ನಮಗೆ ಬೇಕಾದದ್ದು ಅಕ್ಕ ಇನ್ನೂ ಚೆನ್ನಾಗಿದ್ದೇನೆ ಎಂದುಕೊಂಡಿದ್ದ ದಿನಗಳ ರಕ್ತ. ಅದನ್ನು ಕೇಳಲು ಆಗ ಯಾರಿಗೂ ಕಾರಣವಿರಲಿಲ್ಲ. ಈಗ ಕೇಳೋಣವೆಂದರೆ ಅಕ್ಕನೇ ಇಲ್ಲ.