ಭಾನುವಾರದ ತರಗತಿ ವೋಟಿಗೆ ಬಿದ್ದಾಗ

ವಿಜಯವಾಡದಲ್ಲಿದ್ದಾಗ ನನಗೆ ಯಾರ ಒಪ್ಪಿಗೆಯೂ ಬೇಕಿರಲಿಲ್ಲ. ನನ್ನ ಹಾಗೆಯೇ ಬ್ಯಾಂಕಿನ ಕೆಲಸದ ಮೇಲೆ ವರ್ಗವಾಗಿ ಬಂದವರ ನಾಲ್ಕೈದು ಕನ್ನಡ ಮನೆಗಳು ಅಲ್ಲಿದ್ದವು. ಭಾನುವಾರ ಬೆಳಿಗ್ಗೆ ಆ ಮನೆಗಳ ಮಕ್ಕಳನ್ನು ನಮ್ಮ ಬಾಡಿಗೆ ಮನೆಯ ವರಾಂಡದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸುತ್ತಿದ್ದೆ. ಇಂದ್ರಕೀಲಾದ್ರಿ ಬೆಟ್ಟದ ಗುಡಿಗೆ ಹೋಗುವ ಭಕ್ತರ ಗದ್ದಲಕ್ಕಿಂತ ನನ್ನ ದನಿಯೇ ದೊಡ್ಡದೆಂದು ನನ್ನ ಗಂಡ ಕಾಲೆಳೆಯುತ್ತಿದ್ದರು. ನಾನು ಧಾರವಾಡದವಳು. ಕಲಿಸುವುದೆಂದರೆ ಗದರಿಸುವುದೂ ಸೇರಿದೆ ಎಂದು ನಂಬಿದವಳು. ಪಾಠ ಮುಗಿದ ಮೇಲೆ ಎಲ್ಲರಿಗೂ ಒಗ್ಗರಣೆ ಅವಲಕ್ಕಿ ಕೊಡುತ್ತಿದ್ದೆ, ಮಕ್ಕಳು ಮರುವಾರವೂ ಬರುತ್ತಿದ್ದರು.

ಆಮೇಲೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ಕನ್ನಡದವರು ಹೆಚ್ಚು, ಅವರದೊಂದು ಸಂಘ, ಆ ಸಂಘಕ್ಕೊಬ್ಬ ಅಧ್ಯಕ್ಷರು. ಮೈಸೂರಿನ ಕಡೆಯವರು, ನಿವೃತ್ತ ಎಂಜಿನಿಯರ್. ಸ್ವಿಟ್ಜರ್‌ಲೆಂಡಿನಲ್ಲಿ ಜನ ಪ್ರತಿಯೊಂದಕ್ಕೂ ತಾವೇ ಮತ ಹಾಕುತ್ತಾರೆ, ಕೆಲವು ಊರುಗಳಲ್ಲಿ ಬಯಲಲ್ಲಿ ನಿಂತು ಕೈ ಎತ್ತಿಯೇ ಕಾನೂನು ಮಾಡುತ್ತಾರೆ ಎಂದು ಎಲ್ಲೋ ಓದಿ ಮನಸೋತವರು. ಹಾಗಾಗಿ ಸಂಘದಲ್ಲಿ ಕಮಿಟಿ ಹೆಸರಿಗಷ್ಟೇ. ಪಿಕ್ನಿಕ್ ಭೀಮುನಿಪಟ್ಟಣಕ್ಕೋ ಋಷಿಕೊಂಡಕ್ಕೋ ಎಂಬುದಕ್ಕೂ ಮತ, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆ ಭಾತೋ ಪುಳಿಯೋಗರೆಯೋ ಎಂಬುದಕ್ಕೂ ಮತ. ತೀರ್ಮಾನ ಯಾರನ್ನು ತಟ್ಟುತ್ತದೋ ಅವರೆಲ್ಲ ಮತ ಹಾಕಬೇಕು, ಮಕ್ಕಳಾದರೂ ಸರಿ ಎನ್ನುವುದು ಅವರ ಹಟ. ನನಗೆ ಇದೊಂದು ಮಕ್ಕಳಾಟ ಅನ್ನಿಸುತ್ತಿತ್ತು. ಆದರೆ ಭಾನುವಾರದ ತರಗತಿಯನ್ನು ನನಗೆ ಬಿಟ್ಟುಕೊಟ್ಟಿದ್ದರಿಂದ ಸುಮ್ಮನಿದ್ದೆ. ಬಾಡಿಗೆಗೆ ಹಿಡಿದ ಶಾಲೆಯೊಂದರ ಹಾಲ್‌ನಲ್ಲಿ ಎರಡು ವರ್ಷ ನನ್ನ ರಾಜ್ಯಭಾರ ನಡೆಯಿತು.

ಹಾಗಿರುವಾಗ ಅವಳು ಬಂದಳು. ಬಳ್ಳಾರಿಯ ಹುಡುಗಿ, ಔಷಧ ಕಂಪನಿಯಲ್ಲಿ ಕೆಲಸ, ಒಂದು ವರ್ಷದ ಮಟ್ಟಿಗೆ ಬಂದವಳು. ತೆಲುಗು ಅವಳಿಗೆ ನೀರು ಕುಡಿದಷ್ಟು ಸಲೀಸು. ತರಗತಿಗೆ ಸಹಾಯ ಮಾಡುತ್ತೇನೆಂದಾಗ ಬೇಡವೆನ್ನಲಾಗದೆ ಚಿಕ್ಕ ಮಕ್ಕಳನ್ನು ಅವಳಿಗೆ ಒಪ್ಪಿಸಿದೆ. ಅವಳು ಹಾಲ್‌ನ ಆ ತುದಿಯಲ್ಲಿ ಕನ್ನಡದಲ್ಲಿ ತರಕಾರಿ ಸಂತೆ ಹೂಡಿದಳು. ಒಬ್ಬ ಮಾರುವವನು, ಒಬ್ಬಳು ಚೌಕಾಸಿ ಮಾಡುವವಳು, ಇನ್ನೊಬ್ಬ ಬದನೆಕಾಯಿ ಕದಿಯುವ ಮಂಗ. ಇತ್ತ ನನ್ನ ಮುಂದೆ ಒತ್ತಕ್ಷರ ಬರೆಯುತ್ತಿದ್ದ ದೊಡ್ಡ ಮಕ್ಕಳ ಕತ್ತು ಅತ್ತ ತಿರುಗಿಕೊಂಡೇ ಇರುತ್ತಿತ್ತು. ನನ್ನ ಮಗಳ ಕತ್ತೂ.

ಹೊಟ್ಟೆ ಉರಿಯಿತು. ಬೇರೆ ಮಾತಿನಲ್ಲಿ ಹೇಳುವುದಕ್ಕೆ ಹೋಗುವುದಿಲ್ಲ. ಅವಳ ನಗು, ಇಸ್ತ್ರಿಯಿಲ್ಲದ ಕಾಟನ್ ಕುರ್ತಾ, ಪಾಠ ಮುಗಿದರೂ ಮಕ್ಕಳು ಅವಳ ಬ್ಯಾಗು ಹಿಡಿದು ಗೇಟಿನವರೆಗೆ ಹೋಗುವುದು, ಯಾವುದನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ಅವಳ ಕಾಗುಣಿತದಲ್ಲಿ ತಪ್ಪು ಹುಡುಕುತ್ತಿದ್ದೆ. ಸಿಕ್ಕ ದಿನ ಊಟ ರುಚಿಸುತ್ತಿತ್ತು.

ಕೆಲವು ತಾಯಂದಿರು ಅಧ್ಯಕ್ಷರ ಹತ್ತಿರ ಹೋಗಿ, ದೊಡ್ಡ ಮಕ್ಕಳಿಗೂ ಆ ಹುಡುಗಿಯೇ ಕಲಿಸಲಿ ಎಂದರಂತೆ. ಅವರು ಮೆಲ್ಲಗೆ ನನ್ನ ಹತ್ತಿರ ವಿಷಯ ಎತ್ತಿದರು.

"ಒಂದ್ ವಾರ ನೀವು, ಒಂದ್ ವಾರ ಅವ್ಳು ಅಂತ ಮಾಡ್ಕೊಂಡ್ರೆ ಹೇಗೆ ಮೇಡಂ?"

"ಅರ್ಧಾ ಮರ್ಧಾ ಬ್ಯಾಡ್ರಿ. ಎಲ್ಲಾದಕ್ಕೂ ವೋಟ್ ಹಾಕಸ್ತೀರಲ್ಲ, ಇದಕ್ಕೂ ಹಾಕಸ್ರಿ," ಎಂದೆ.

ಗೆದ್ದೇ ಗೆಲ್ಲುತ್ತೇನೆಂಬ ಧೈರ್ಯವಿತ್ತು. ಕೈ ಎತ್ತುವುದು ಬೇಡ, ಚೀಟಿಯಲ್ಲೇ ಆಗಲಿ ಎಂದೂ ಪಟ್ಟು ಹಿಡಿದೆ. ಆ ಹುಡುಗಿಯ ಮುಖ ನೋಡಿ ನನ್ನ ಪರ ಕೈ ಎತ್ತಲು ಜನ ಸಂಕೋಚಪಟ್ಟಾರು ಎಂಬ ಲೆಕ್ಕ ನನ್ನದು. ಮಕ್ಕಳೂ ಮತ ಹಾಕಲಿ ಎಂದೆ. ಎರಡು ವರ್ಷ ಕೈ ಹಿಡಿದು ತಿದ್ದಿಸಿದವಳನ್ನು ಬಿಟ್ಟುಕೊಡುತ್ತಾರೆಯೇ? ಪ್ರಶ್ನೆಯನ್ನೂ ನಾನೇ ಬರೆದೆ, ಗ್ರಾಂಥಿಕ ಕನ್ನಡದಲ್ಲಿ: "ಭಾನುವಾರದ ಕನ್ನಡ ತರಗತಿಯು ಪ್ರಸ್ತುತ ಕ್ರಮದಲ್ಲಿಯೇ ಮುಂದುವರಿಯತಕ್ಕದ್ದೇ?" ಕೆಳಗೆ ಬೇಕು, ಬೇಡ. ತೆಲುಗಿನಲ್ಲೂ ಬರೆಯೋಣವೇ ಎಂದು ಅಧ್ಯಕ್ಷರು ಕೇಳಿದ್ದಕ್ಕೆ ನಾನು ನೋಡಿದ ನೋಟಕ್ಕೆ ಅವರು ಕನ್ನಡದ ಚೀಟಿಯನ್ನಷ್ಟೇ ಜೆರಾಕ್ಸಿಗೆ ಕಳಿಸಿದರು.

ಮತದಾನದ ಭಾನುವಾರ ಚೀಟಿ ಹಂಚಿದರು. ಮಕ್ಕಳು ಚೀಟಿ ಹಿಡಿದು ಪಿಳಿಪಿಳಿ ನೋಡುತ್ತ ನಿಂತರು. ಒಂದೊಂದೇ ಅಕ್ಷರ ಕೂಡಿಸಿಕೊಂಡು "ಪ್ರಸ್ತುತ"ದವರೆಗೆ ಬಂದವರು ಅಲ್ಲಿಂದ ಮುಂದೆ ಹೋಗಲಿಲ್ಲ. ಬಿಡಿ ಅಕ್ಷರಗಳನ್ನು ಮುತ್ತಿನಂತೆ ಬರೆಯುತ್ತಿದ್ದ ಮಕ್ಕಳು, ನಾನು ಕಲಿಸಿದ ಮಕ್ಕಳು. ಅವರಲ್ಲಿ ಒಬ್ಬಳು ಸೀದಾ ಬಳ್ಳಾರಿಯವಳ ಹತ್ತಿರ ಹೋಗಿ, "ಅಕ್ಕಾ, ಇದಿ ಏಂಟಿ?" ಎಂದು ತೆಲುಗಿನಲ್ಲಿ ಅದರ ಅರ್ಥ ಕೇಳಿದಳು. ನೋಡನೋಡುತ್ತಿದ್ದಂತೆ ಉಳಿದವರೂ ಅಲ್ಲೇ ಮುತ್ತಿಕೊಂಡರು. ತಾಯಂದಿರಲ್ಲೂ ಇಬ್ಬರು ಮೂವರು ಹೋದರು.

ಅವಳು ಅವರನ್ನೆಲ್ಲ ಬಿಟ್ಟು ನನ್ನ ಬಳಿ ಬಂದಳು.

"ಅಕ್ಕಾರ, ಓದಿ ಹೇಳು ಅಂತಾರ್ರಿ. ನಾ ಹೇಳಿದ್ರ ಸರಿ ಅನ್ಸಂಗಿಲ್ಲ. ನೀವ ಹೇಳಿಬಿಡ್ರಿ."

ಅವಳ ಆ ಒಳ್ಳೆಯತನಕ್ಕೂ ನನಗೆ ಮೈಯುರಿಯಿತು. ಎದ್ದು ನಿಂತು ಪ್ರಶ್ನೆಯನ್ನು ಸ್ಪಷ್ಟವಾಗಿ ಓದಿದೆ. ಮಕ್ಕಳು ಗೌರವದಿಂದ ಕೇಳಿಸಿಕೊಂಡು ಮತ್ತೆ ಅವಳ ಮುಖ ನೋಡಿದರು. ಆಗ ಅವಳು ತೆಲುಗಿನಲ್ಲಿ ಬಿಡಿಸಿ ಹೇಳಿದಳು: ಮೇಡಂ ಕಲಿಸುವ ಹಾಗೆಯೇ ಕಲಿಯಬೇಕೆಂದಿದ್ದರೆ ಇದಕ್ಕೆ ಗುರುತು ಹಾಕಿ, ಬೇರೆ ಥರ ಬೇಕಿದ್ದರೆ ಅದಕ್ಕೆ, ಅವರು ನಿಮಗಾಗಿ ಎರಡು ವರ್ಷ ಭಾನುವಾರ ಬಿಟ್ಟಿದ್ದಾರೆ ಎಂಬುದು ನೆನಪಿರಲಿ. ವಿಜಯವಾಡದಲ್ಲಿ ಕಲಿತ ನನ್ನ ತೆಲುಗಿಗೂ ಅದರಲ್ಲಿ ಒಂದು ಹುಳುಕೂ ಸಿಗಲಿಲ್ಲ. ನನ್ನ ಪರವಾಗಿ ನಾನೇ ಅಷ್ಟು ಚೆನ್ನಾಗಿ ಮಾತಾಡಿರಲಿಲ್ಲ.

ಆ ಗುಂಪಿನಲ್ಲಿ ನನ್ನ ಮಗಳೂ ಚೀಟಿ ಹಿಡಿದು ನಿಂತಿದ್ದಳು. ಅವಳಿಗೆ ಕನ್ನಡ ಪತ್ರಿಕೆ ಓದಲು ಬರುತ್ತಿತ್ತು.

ಚೀಟಿ ಎಣಿಸುವಾಗ "ಬೇಡ"ದ ಗುಡ್ಡೆ ಎಷ್ಟು ಬೇಗ ಬೆಳೆಯಿತೆಂದರೆ ಅಧ್ಯಕ್ಷರು ಕೊನೆಯವರೆಗೆ ಎಣಿಸಲು ಮುಜುಗರಪಟ್ಟರು. ಎಣಿಸಿರಿ ಎಂದೆ. ಎಲ್ಲರ ಜೊತೆ ನಾನೂ ಚಪ್ಪಾಳೆ ತಟ್ಟಿದೆ, ಅಂಗೈ ಕೆಂಪಾಗುವಷ್ಟು. ಮನೆಗೆ ಹೋಗುವ ಆಟೋದಲ್ಲಿ ಮಗಳನ್ನು ಕೇಳಿದೆ.

"ನಿನಗ ಓದಲಿಕ್ಕೆ ಬರ್ತದಲ್ಲ, ಆಕಿ ಹತ್ರ ಯಾಕ ಹೋಗಿದ್ದಿ?"

"ಎಲ್ಲಾರೂ ಅಲ್ಲೇ ಇದ್ರಲ್ಲಮ್ಮಾ," ಎಂದು ಹೊರಗೆ ನೋಡತೊಡಗಿದಳು.

ಇಡೀ ತರಗತಿ ಬಳ್ಳಾರಿಯವಳ ಪಾಲಾಯಿತು. ಆಮೇಲಿನ ತಿಂಗಳುಗಳಲ್ಲಿ ಭಾನುವಾರ ಬೆಳಿಗ್ಗೆ ಮಗಳನ್ನು ಹಾಲ್‌ಗೆ ಬಿಟ್ಟು, ಎದುರಿನ ಅಂಗಡಿಯಲ್ಲಿ ಏನಾದರೂ ಕೊಳ್ಳುವ ನೆಪ ಮಾಡಿ ನಿಲ್ಲುತ್ತಿದ್ದೆ. ಒಳಗಿನಿಂದ ಮಕ್ಕಳು ಕನ್ನಡದಲ್ಲಿ ಜಗಳವಾಡುವುದು ಕೇಳುತ್ತಿತ್ತು. ಎಷ್ಟು ಚೆನ್ನಾಗಿ ಜಗಳವಾಡುತ್ತಿದ್ದರು. ಕೇಳಿ ಸಂತೋಷಪಡಬೇಕಾದವಳು, ಬೇಡದ ಸೋಪು ಕೊಂಡು ಮನೆಗೆ ಬರುತ್ತಿದ್ದೆ. ಅವಳು ಕಲಿಸಿದಳೆಂಬುದಕ್ಕಿಂತ ಅವಳನ್ನು ಅವರಾಗಿಯೇ ಆರಿಸಿಕೊಂಡರೆಂಬುದು ನನ್ನನ್ನು ತಿನ್ನುತ್ತಿತ್ತು. ನನ್ನನ್ನು ಬ್ಯಾಂಕು ವರ್ಗ ಮಾಡಿತ್ತು, ಅಧ್ಯಕ್ಷರು ನೇಮಿಸಿದ್ದರು, ಮದುವೆಯನ್ನೂ ಹಿರಿಯರೇ ಕೂತು ಗೊತ್ತುಮಾಡಿದ್ದು. ಬೇಕೋ ಬೇಡವೋ ಎಂದು ಕೇಳಿದಾಗ, ಬೇಕು ಎಂದು ನನ್ನ ಕಡೆಗೆ ಚೀಟಿಗಳ ಒಂದು ಗುಡ್ಡೆ ಬಿದ್ದ ನೆನಪಿಲ್ಲ.

ವರ್ಷ ತುಂಬಿದ ಮೇಲೆ ಕಂಪನಿ ಅವಳನ್ನು ಹೈದರಾಬಾದಿಗೆ ಕರೆಸಿಕೊಂಡಿತು. ಬೀಳ್ಕೊಡುಗೆಯಲ್ಲಿ ಮಕ್ಕಳು ಅತ್ತರು. ಎರಡು ದಿನ ಬಿಟ್ಟು ಅಧ್ಯಕ್ಷರು ನಮ್ಮ ಮನೆಗೆ ಬಂದರು. ಕಾಫಿ ಕುಡಿಯುತ್ತ, "ಇನ್ನು ಮೊದಲಿನ ಹಾಗೇ ನೀವೇ ನಡೆಸ್ಕೊಂಡು ಹೋಗಿ ಮೇಡಂ," ಎಂದರು.

"ವೋಟಿಗೆ ಹಾಕ್ರಿ," ಎಂದೆ.

ಅವರು ನಕ್ಕರು. "ಎದುರಿಗೆ ಯಾರಿದ್ದಾರೆ ಅಂತ ಹಾಕ್ಸೋದು?"

"ಯಾರೂ ಬ್ಯಾಡ್ರಿ. ನಾನು ಬೇಕೋ ಬ್ಯಾಡೋ, ಅಷ್ಟ ಕೇಳ್ರಿ. ಊಟಕ್ಕ ಪುಳಿಯೋಗರೆ ಬೇಕೋ ಬ್ಯಾಡೋ ಅಂತ ಕೇಳೂದಿಲ್ಲೇನು?"

ನಾನು ತಮಾಷೆ ಮಾಡುತ್ತಿಲ್ಲವೆಂದು ಅವರಿಗೆ ಆಗ ತಿಳಿಯಿತು. ಲೋಟ ಕೆಳಗಿಟ್ಟರು. ಪಿಕ್ನಿಕ್ಕಿಗೂ ಮತ ಕೇಳುವ ಆ ಮನುಷ್ಯ ನನ್ನ ಮುಖ ನೋಡದೆ ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಬೇಡ ಮೇಡಂ," ಎಂದರು ಬಾಗಿಲಲ್ಲಿ. "ಮಕ್ಕಳಿಗೆ ಕ್ಲಾಸು ನಿಲ್ಲಬಾರದಲ್ವಾ."