ಬಸ್ಸಿನ ಹಾಳೆ

ಆ ಹಾಳೆಯ ಮಾತು ಎತ್ತಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಹಾಳೆ ಅಂದರೆ ಕಾಗದದ್ದಲ್ಲ. ಕಂಪ್ಯೂಟರಿನಲ್ಲಿ ತೆರೆದು, ಲಿಂಕ್ ಕಳಿಸಿ, ಹತ್ತು ಊರಿನವರು ಒಟ್ಟಿಗೆ ಬರೆಯಬಹುದಾದ ಹಾಳೆ.

ಹೊಸನಗರ ತಾಲ್ಲೂಕಿನ ಒಂದು ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು ನಾನು. ಒಂದು ಕೋಣೆ, ನಾಲ್ಕು ಕಪಾಟು, ಎರಡು ಕಂಪ್ಯೂಟರು. ಕಂಪ್ಯೂಟರು ಬಂದ ಹೊಸದರಲ್ಲಿ ತರಬೇತಿಗೆ ಕರೆದರು. ಅಲ್ಲಿ ಸಾಗರದ ಕಡೆಯ ಒಬ್ಬಳು, ತೀರ್ಥಹಳ್ಳಿ ಕಡೆಯ ಒಬ್ಬಳು, ಇಬ್ಬರೂ ನನ್ನ ಹಾಗೆ ಗ್ರಂಥಾಲಯದವರೇ, ಸ್ನೇಹಿತೆಯರಾದರು. ಊಟದ ಹೊತ್ತಿನಲ್ಲಿ ಮೂವರೂ ಮಾತಾಡಿದ್ದು ಪುಸ್ತಕದ ವಿಷಯವಲ್ಲ, ವಾಪಸ್ ಹೋಗಲು ಬಸ್ಸು ಎಷ್ಟು ಹೊತ್ತಿಗೆ ಎಂದು. ನಮ್ಮ ಕಡೆ ಬದುಕು ನಡೆಯುವುದೇ ಬಸ್ಸಿನ ಮೇಲೆ. ಹಾಗೆ ಹುಟ್ಟಿದ ಯೋಚನೆ ಅದು. ಮೂರು ತಾಲ್ಲೂಕಿನ ಮೂರು ಗ್ರಂಥಾಲಯ, ಸುತ್ತಲಿನ ಶಾಲೆಗಳ ಮಕ್ಕಳು, ಎಲ್ಲರೂ ಸೇರಿ ಒಂದೇ ಹಾಳೆಯಲ್ಲಿ ತಮ್ಮ ತಮ್ಮ ದಾರಿಯ ಬಸ್ಸುಗಳನ್ನು ಬರೆಯುವುದು.

ಮಕ್ಕಳು ಬರೆದದ್ದನ್ನು ನೀವು ನೋಡಬೇಕಿತ್ತು. 'ಡೇರಿಗೆ ಹಾಲು ಹಾಕಿ ವಾಪಸ್ ಬರುವಷ್ಟರಲ್ಲಿ ಬರುತ್ತದೆ.' 'ಕನ್ನಡಕದ ಡ್ರೈವರ್ ಆದರೆ ಐದು ನಿಮಿಷ ಮೊದಲು.' 'ಮುಹೂರ್ತ ಇದ್ದ ದಿನ ಈ ಬಸ್ಸು ಮದುವೆ ಟ್ರಿಪ್ಪಿಗೆ ಹೋಗುತ್ತದೆ, ಕಾಯಬೇಡಿ.' ಇಂಥ ಮಾತುಗಳಿಗೆಂದೇ ಕೊನೆಯಲ್ಲಿ 'ಷರಾ' ಎಂದು ಒಂದು ಕಾಲಂ ಇಟ್ಟಿದ್ದೆವು. ಸಮಯದ ಕಾಲಂ ಯಾರಿಗೂ ಬೇಕಿರಲಿಲ್ಲ. ಊರವರು ಫೋನಿನಲ್ಲಿ ನೇರ ಷರಾ ನೋಡಿ ಮನೆಯಿಂದ ಹೊರಡುತ್ತಿದ್ದರು.

ನಾಲ್ಕು ಜನಕ್ಕೆ ಉಪಯೋಗವಾದದ್ದು ಮೇಲಿನ ಕಚೇರಿಯ ಕಣ್ಣಿಗೆ ಬೀಳದೆ ಇರುತ್ತದೆಯೇ? ಸಾಹೇಬರು ಕರೆಸಿದರು. ಬಹಳ ಮೆಚ್ಚಿದರು. ಕಾರ್ಯಾಗಾರದಲ್ಲಿ ಪರದೆಯ ಮೇಲೆ ತೋರಿಸಬೇಕು, ಅದಕ್ಕೆ ಸ್ವಲ್ಪ ಅಚ್ಚುಕಟ್ಟು ಮಾಡಬೇಕು ಎಂದರು. ಮರುದಿನ ಅವರ ಕಂಪ್ಯೂಟರ್ ಆಪರೇಟರ್ ಫೋನು ಮಾಡಿ ನನ್ನ ಪಾಸ್‌ವರ್ಡ್ ಕೇಳಿದ. ನಾನು ಹೇಳಿದೆ. ಒಂದೊಂದೇ ಅಕ್ಷರ ಬಿಡಿಸಿ, ಎರಡೆರಡು ಸಲ ಹೇಳಿದೆ. ವೇದಿಕೆಗೆ ಕರೆಯುತ್ತಾರೆ ಎನ್ನುವ ಖುಷಿಯಲ್ಲಿದ್ದೆ, ಅದನ್ನೇಕೆ ಮುಚ್ಚಿಡಲಿ.

ಕಾರ್ಯಾಗಾರದಲ್ಲಿ ಶಾಲು ಹೊದಿಸಿದರು. ಪರದೆಯ ಮೇಲೆ ನಮ್ಮ ಹಾಳೆ ಬಂತು. ಸಾಲುಗಳಿಗೆ ಬಣ್ಣ ತುಂಬಿತ್ತು, ಮೇಲೆ ಲಾಂಛನ ಕೂತಿತ್ತು, ಎಲ್ಲ ಬಸ್ಸಿಗೂ ಗಂಟೆ ನಿಮಿಷ ಬಿದ್ದಿತ್ತು. ಷರಾ ಕಾಲಂ ಇರಲಿಲ್ಲ. ಬಸ್‌ಸ್ಟ್ಯಾಂಡಿನ ಬೋರ್ಡಿನಲ್ಲಿರುವ ವೇಳಾಪಟ್ಟಿಯನ್ನೇ ತಂದು ಸುರಿದಿದ್ದರು. ಆ ಬೋರ್ಡು ಸುಳ್ಳು ಹೇಳುತ್ತದೆ ಅಂತಲೇ ಅಲ್ಲವೇ ನಾವು ಹಾಳೆ ಮಾಡಿದ್ದು!

ಕೇಳಿದೆ. ಕನ್ನಡಕ, ಮದುವೆ ಇವೆಲ್ಲ ಮಾಹಿತಿಯಲ್ಲ, ನಮೂನೆಗೆ ಹೊಂದುವುದಿಲ್ಲ ಎಂದರು ಸಾಹೇಬರು. ವರದಿ ಮೇಲಕ್ಕೆ ಹೋಗುವ ತನಕ ಯಾರೂ ಕೈ ಹಚ್ಚಬಾರದು ಎಂದೂ ಹೇಳಿದರು. ಮಕ್ಕಳು ಬರೆಯದ ಹಾಗೆ, ಬರೀ ನೋಡುವ ಹಾಗೆ ಬೀಗ ಹಾಕಿಯಾಗಿತ್ತು. ನನ್ನ ಪಾಸ್‌ವರ್ಡಿನಲ್ಲಿ ಹೋಗಿ ಒಂದು ಗುಂಡಿ ಒತ್ತಿದ್ದರೆ ಹಳೆಯದೆಲ್ಲ ವಾಪಸ್ ಬರುತ್ತಿತ್ತು. ಒತ್ತಲಿಲ್ಲ. ಶಾಲು ಹಿಡಿದುಕೊಂಡು ಮನೆಗೆ ಬಂದೆ.

ನಮ್ಮ ಗ್ರಂಥಾಲಯಕ್ಕೆ ದಿನಾ ಬರುವ ಒಬ್ಬಳು ಹುಡುಗಿ, ಎಂಟನೇ ಕ್ಲಾಸು. ಎಂಟನೆಯವರಿಗೆ ಮಾತ್ರ ಇರುವ ಒಂದು ವಿದ್ಯಾರ್ಥಿವೇತನದ ಪರೀಕ್ಷೆಗೆ ಕಟ್ಟಿದ್ದಳು. ಬರೆಯಲು ಒಂದೇ ಅವಕಾಶ. ಪಾಸಾದರೆ ಮುಂದಿನ ನಾಲ್ಕು ವರ್ಷ ಓದಿನ ಖರ್ಚಿಗೆ ಮನೆಯವರನ್ನು ಕೇಳಬೇಕಿಲ್ಲ. ಹಳೆಯ ಪ್ರಶ್ನೆಪತ್ರಿಕೆಗಳನ್ನು ನನ್ನ ಮೇಜಿನ ಪಕ್ಕದಲ್ಲೇ ಕೂತು ಬಿಡಿಸುತ್ತಿದ್ದಳು, ಮಳೆಗಾಲ ಪೂರ್ತಿ. ಪರೀಕ್ಷೆ ಸಾಗರದಲ್ಲಿ, ಭಾನುವಾರ, ಹತ್ತು ಗಂಟೆಗೆ. ನಮ್ಮೂರಿನಿಂದ ಕ್ರಾಸಿನವರೆಗೆ ಒಂದು ಬಸ್ಸು, ಕ್ರಾಸಿನಿಂದ ಸಾಗರಕ್ಕೆ ಇನ್ನೊಂದು. ಕ್ರಾಸಿನ ಆಚೆಯ ದಾರಿ ಅವಳಿಗೂ ಗೊತ್ತಿಲ್ಲ, ಜೊತೆಗೆ ಹೊರಟ ಅವಳ ಅಮ್ಮನಿಗೂ ಗೊತ್ತಿಲ್ಲ. ಹಿಂದಿನ ದಿನ ನನ್ನನ್ನು ಕೇಳಿದಳು. ಎಂದಿನ ಅಭ್ಯಾಸಕ್ಕೆ ನಾನು ಹಾಳೆ ನೋಡಿ, ಕ್ರಾಸಿನಿಂದ ಎಂಟು ಹತ್ತಕ್ಕೆ ಇದೆ ಎಂದು ಚೀಟಿಯಲ್ಲಿ ಬರೆದುಕೊಟ್ಟೆ. ಅದು ಬೋರ್ಡಿನ ಗಂಟೆ ಎಂದು ಆ ಹೊತ್ತಿಗೆ ಹೊಳೆಯಲೇ ಇಲ್ಲ.

ಎಂಟು ಹತ್ತರ ಬಸ್ಸು ಭಾನುವಾರ ಬರುವುದಿಲ್ಲ. ಶಾಲೆಯ ಮಕ್ಕಳಿಲ್ಲದ ದಿನ ಆ ಟ್ರಿಪ್ಪೇ ಇಲ್ಲ. ತಾಯಿ ಮಗಳು ಏಳೂವರೆಯಿಂದ ಕ್ರಾಸಿನಲ್ಲಿ ನಿಂತರು. ಅಲ್ಲಿಯ ಅಂಗಡಿಯವನು ಒಂಬತ್ತು ಗಂಟೆಗೆ ಬಾಗಿಲು ತೆಗೆಯಲು ಬಂದು, ಇವತ್ತು ಭಾನುವಾರ ಅಲ್ವಾ ಎಂದನಂತೆ. ಕೊನೆಗೆ ತರಕಾರಿ ಗಾಡಿಯೊಂದಕ್ಕೆ ಕೈ ಮಾಡಿ ಹತ್ತಿಕೊಂಡು ಹೋಗಿದ್ದಾರೆ. ತಲುಪುವಾಗ ಹತ್ತೂವರೆ. ಗೇಟು ತೆರೆಯಲಿಲ್ಲ.

ಸೋಮವಾರ ಅವಳ ಅಮ್ಮ ಗ್ರಂಥಾಲಯದ ಬಾಗಿಲಿಗೆ ಬಂದರು. ಜಗಳವಾಡಿದ್ದರೆ ಒಳ್ಳೆಯದಿತ್ತು. "ನೀವ್ ಬರ್ಕೊಟ್ಟಿದ್ರಿ ಅಂತ ಯಾರನ್ನೂ ಕೇಳ್ದೆ ನಿಂತ್ಕಂಡ್ವಿ ಮೇಡಂ" ಎಂದರು, ಅಷ್ಟೇ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೇಲಿನ ಕಚೇರಿಗೆ ಹೋಗಿ ಕೂಗಾಡಿದೆ. ಸಾಹೇಬರು ತಾಳ್ಮೆಯಿಂದ ಕೇಳಿದರು, ಆ ತಾಳ್ಮೆ ನೋಡಿ ಇನ್ನೂ ರೇಗಿತು. ಅಧಿಕೃತ ವೇಳಾಪಟ್ಟಿಯಲ್ಲಿ ಆ ಬಸ್ಸು ಇದೆ, ಹಾಳೆಯಲ್ಲೂ ಇದೆ, ತಪ್ಪೆಲ್ಲಿ ಎಂದರು. ಬಸ್ಸು ರಸ್ತೆಯಲ್ಲಿ ಇರಬೇಕಲ್ಲ ಸ್ವಾಮಿ! ಆಪರೇಟರ್ ತಲೆ ಎತ್ತಲೇ ಇಲ್ಲ. ಅವನ ಕುರ್ಚಿಯ ಹಿಂದೆ ಗೋಡೆಗೆ ನಮ್ಮ ಹಾಳೆಯ ದೊಡ್ಡ ಪ್ರತಿ, ಚೌಕಟ್ಟು ಹಾಕಿಸಿ ತೂಗುಹಾಕಿದ್ದರು. ಕಿತ್ತು ಬಿಸಾಡುವಷ್ಟು ಕೋಪ ಬಂದಿತ್ತು.

ಗುರುವಾರ ಹುಡುಗಿ ಬಂದಳು. ಪುಸ್ತಕದ ಕಡೆ ಹೋಗದೆ ಕಂಪ್ಯೂಟರಿನ ಮುಂದೆ ಕೂತಳು. ನನ್ನ ಖಾತೆ ಅದರಲ್ಲಿ ತೆರೆದೇ ಇತ್ತು. ಯಾವ ಸಾಲನ್ನು ಯಾರು ಯಾವತ್ತು ಬದಲಿಸಿದರು ಎಂದು ತೋರಿಸುವ ಹಳೆಯ ಪ್ರತಿಗಳ ಪಟ್ಟಿಯನ್ನು ತೆಗೆದಳು. ಅದನ್ನು ತೆಗೆಯುವುದು ಅವಳಿಗೆ ಕಲಿಸಿದ್ದು ನಾನೇ. ಕ್ರಾಸಿನ ಬಸ್ಸಿನ ಸಾಲು ಸಿಕ್ಕಿತು. ಸಾಗರದ ಕಡೆಯ ಯಾವುದೋ ಮಗು ಷರಾದಲ್ಲಿ ಬರೆದಿತ್ತು: 'ಭಾನುವಾರ ಬರಲ್ಲ. ಏಳು ಗಂಟೆ ಗಾಡಿಯೇ ಹಿಡಿಯಬೇಕು.' ಅದರ ಮೇಲೆ ಅಡ್ಡಗೆರೆ. ಅಳಿಸಿದವರು ಎಂಬಲ್ಲಿ ನನ್ನ ಹೆಸರು. ಆ ಒಂದು ಸಾಲಿಗಲ್ಲ, ಅಳಿಸಿದ ಪ್ರತಿ ಸಾಲಿಗೂ ನನ್ನ ಹೆಸರು.

"ಅಕ್ಕಾ, ಇದ್ನೆಲ್ಲ ನೀವೇ ತೆಗ್ದಿದ್ದಾ?"

ನಾನಲ್ಲ, ಕಚೇರಿಯವರು ಪಾಸ್‌ವರ್ಡ್ ಇಸ್ಕೊಂಡು ಮಾಡಿದ್ದು ಎಂದು ಗಡಿಬಿಡಿಯಲ್ಲಿ ಹೇಳಿದೆ. ಅವಳು ಗೋಡೆಯ ಕಡೆ ನೋಡಿದಳು. ಅಲ್ಲಿ ಅವಳ ಕೈಯಲ್ಲೇ ಬರೆಸಿ ನಾನು ಅಂಟಿಸಿದ ಚಾರ್ಟು.

"ಯಾರ್ ಕೇಳಿದ್ರೂ ಪಾಸ್‌ವರ್ಡ್ ಕೊಡ್ಬಾರ್ದು ಅಂತ ನಮ್ಗೆ ಬರೆಸಿದ್ರಲ್ಲ."

ಅಷ್ಟು ದಿನ ಸಾಹೇಬರಿಗೆ, ಆಪರೇಟರಿಗೆ ಹಂಚಿ ಹಾಕಿದ್ದ ಸಿಟ್ಟು ಪೂರ್ತಿ ನನ್ನ ಮೇಲೇ ತಿರುಗಿತು. ಹಳೆಯದನ್ನು ವಾಪಸ್ ತರಲೇ ಎಂದು ಅವಳೇ ಕೇಳಿದಳು. ತಾ ಎಂದೆ. ಗುಂಡಿ ಒತ್ತಿದಳು. ಲಾಂಛನ ಹೋಯಿತು, ಬಣ್ಣ ಹೋಯಿತು, ಡೇರಿಯ ಹಾಲು, ಕನ್ನಡಕದ ಡ್ರೈವರ್, ಮದುವೆ ಟ್ರಿಪ್ಪು ಎಲ್ಲ ಬಂದವು. ಅವತ್ತೇ ಪಾಸ್‌ವರ್ಡ್ ಬದಲಿಸಿದೆ. ಬೀಗ ತೆಗೆದು ಮಕ್ಕಳಿಗೆ ಮತ್ತೆ ಬರೆಯಲು ಬಿಟ್ಟೆ.

ಮಾರನೇ ದಿನವೇ ಸಾಹೇಬರ ಫೋನು. ನಮೂನೆ ಕೆಡಿಸಿದ್ದು ಯಾರು, ಇದರಲ್ಲಿ ನಿಮ್ಮ ಹೆಸರು ತೋರಿಸುತ್ತಿದೆ ಎಂದರು.

"ಹೌದು ಸಾರ್. ಈ ಸಲ ನಾನೇ" ಎಂದೆ.

ನೋಟಿಸು ಕೊಡುತ್ತೇನೆ ಎಂದರು. ಕೊಡಿ ಎಂದೆ. ಕೊಟ್ಟರು, ಉತ್ತರವನ್ನೂ ಬರೆದೆ, ಅದೆಲ್ಲ ಈಗ ಕಡತದಲ್ಲಿದೆ. ಹುಡುಗಿ ಈಗಲೂ ಗ್ರಂಥಾಲಯಕ್ಕೆ ಬರುತ್ತಾಳೆ. ಒಂಬತ್ತನೇ ಕ್ಲಾಸು. ಆ ಪರೀಕ್ಷೆ ಎಂಟನೆಯವರಿಗೆ ಮಾತ್ರ.